ಹಾಕಿದ ಕೂಡಲೇ ತೆರೀಬೇಕೋ, ಕೇಳಿ ತೆರೀಬೇಕೋ

ಬೈಲಹೊಂಗಲದ ಪ್ಯಾಟಿಯಲ್ಲಿ ಝೆರಾಕ್ಸ್, ಡಿಟಿಪಿ, ಫೋಟೋ ಪ್ರಿಂಟ್ ಎಲ್ಲವನ್ನೂ ಒಂದೇ ಸೂರಿನಡಿ ಮಾಡುವ ಅಂಗಡಿಗಳಿಗೆ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದಲೂ ಜನ ಬರುತ್ತಾರೆ. ಕೈಯಲ್ಲಿ ಕಾಗದಕ್ಕಿಂತ ಹೆಚ್ಚಾಗಿ ಪೆನ್‌ಡ್ರೈವ್, ಮೆಮರಿ ಕಾರ್ಡು. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ಅಂಥ ಅಂಗಡಿಯ ಹಿರಿಯರು. ಇನ್ನೊಬ್ಬ ಈ ನಾಲ್ಕೂ ತಾಲೂಕು ತಿರುಗಿ ಕಂಪ್ಯೂಟರ್ ರಿಪೇರಿ ಮಾಡುವ ತರುಣ. ಅಂಗಡಿಯ ಯಂತ್ರಗಳಿಗೆ ಲಿನಕ್ಸ್ ಹಾಕಿಕೊಟ್ಟವನು. ಚುಚ್ಚಿದ ಪೆನ್‌ಡ್ರೈವ್ ತಾನಾಗಿ ತೆರೆಯಬೇಕೇ, ತೆರೆಯದಿದ್ದರೆ ಎಲ್ಲಿ ಹುಡುಕಬೇಕು ಎಂಬುದು ಅವರ ಮಾತಿನ ವಿಷಯ. ನನಗಿದು ಸಣ್ಣ ವಿಷಯವೆನಿಸಿಲ್ಲ. ಊರಿನ ಮದುವೆ ಫೋಟೋ, ಪಹಣಿಯ ಸ್ಕ್ಯಾನ್, ನೌಕರಿಯ ಅರ್ಜಿ ಎಲ್ಲವೂ ಆ ಒಂದು ಯುಎಸ್‌ಬಿ ತೂತಿನಿಂದಲೇ ಹಾದುಹೋಗಬೇಕು.

ಅಂಗಡಿಯವರು: ತಮ್ಮಾ, ನಿನ್ನ ಲಿನಕ್ಸಿನ ಮ್ಯಾಲ ನನ್ನ ತಕರಾರು ಒಂದ ಐತಿ. ಅದು ಕೆಟ್ಟಾಗ ಬಾಯಿ ಬಿಡೂದಿಲ್ಲ. ಸವದತ್ತಿ ಸ್ಟುಡಿಯೋದವ್ರು ಮದುವಿ ಫೋಟೋದ ಕಾರ್ಡು ಕೊಟ್ಟು ಕಳಸ್ತಾರ. ಹಾಕ್ತೀನಿ, ಪರದೆ ಮ್ಯಾಲ ಏನೂ ಬರೂದಿಲ್ಲ. ಗಿರಾಕಿ ನನ್ನ ಮಾರಿ ನೋಡ್ತಾನ, ನಾ ಪರದೆ ನೋಡ್ತೀನಿ. ವಿಂಡೋಸ್ ಇದ್ದಾಗ ಕಡೀಕ ‘ಫಾರ್ಮ್ಯಾಟ್ ಮಾಡಲೇನು’ ಅಂತಾದ್ರೂ ಕೇಳ್ತಿತ್ತು.

ತರುಣ: ಆ ಪ್ರಶ್ನೇನ ಅಪಾಯ ರಿ ಕಾಕಾ. ಕಾರ್ಡು ಓದಾಕ ಬರಲಿಲ್ಲಂದ್ರ ‘ಮೊದಲ ಫಾರ್ಮ್ಯಾಟ್ ಮಾಡು’ ಅಂತೈತಿ. ಅವಸರದಾಗ ಯಾರರ ಹೂಂ ಒತ್ತಿದ್ರಂದ್ರ ಇಡೀ ಮದುವಿ ಹೋತು. ಲಿನಕ್ಸ್ ತನಗ ತಿಳೀದ್ದನ್ನ ಮುಟ್ಟೂದಿಲ್ಲ.

ಅಂಗಡಿಯವರು: ಮುಟ್ಟಬ್ಯಾಡ, ಆದ್ರ ಮಾತಾಡಲಿ. ‘ಕಾರ್ಡು ಬಂದೈತಿ, ನನಗ ಓದಾಕ ಬರವಲ್ದು’ ಅಂತ ಒಂದು ಮಾತು ಪರದೆ ಮ್ಯಾಲ ಹಾಕಾಕ ಏನು ತ್ರಾಸು?

ತರುಣ: ಮಾತಾಡ್ತೈತಿ ರಿ, ನಾವು ನೋಡದ ಜಾಗಾದಾಗ. ಈ ಟರ್ಮಿನಲ್ ತೆರೀತೀನಿ, ‘ಡಿಮೆಸೆಜ್’ ಆದೇಶ ಕೊಟ್ಟು ಹಂಗ ಓಡಾಕ ಬಿಡ್ತೀನಿ. ಈಗ ಕಾರ್ಡು ತೆಗದು ಮತ್ತ ಹಾಕ್ರಿ. ಬಂದುವಲ್ಲ ಸಾಲು? ಕರ್ನಲ್, ಅಂದ್ರ ಲಿನಕ್ಸಿನ ತಿರುಳು, ಅದನ್ನ ಕಂಡೈತಿ, ‘ಎಸ್‌ಡಿಬಿ’ ಅಂತ ಹೆಸರು ಇಟ್ಟೈತಿ. ಅದರೊಳಗ ಒಂದು ಭಾಗ ಐತಿ, ‘ಎಸ್‌ಡಿಬಿ1’. ಸಾಲ ಬರಲಿಲ್ಲಂದ್ರ ಲಿನಕ್ಸಿನ ಸುದ್ದೀನ ಬ್ಯಾಡ. ಕೇಬಲ್, ಪೋರ್ಟು, ಇಲ್ಲಾ ಕರೆಂಟು ನೋಡಬೇಕು. ಹಳೇ ಯುಎಸ್‌ಬಿ ಪೋರ್ಟು ಕೊಡೂದು 500 ಮಿಲಿಆಂಪಿಯರ್. ದೊಡ್ಡ ಹಾರ್ಡ್ ಡಿಸ್ಕ್ ಸುರುವಾಗೂ ಹೊತ್ತಿಗೆ ಅದು ಸಾಲೂದಿಲ್ಲ, ಟಕ್ ಟಕ್ ಅಂತೈತಿ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಂದ ತಗದು ಹಿಂದಿನ ಪೋರ್ಟಿಗೆ ಹಾಕಿದ್ರ ಎಷ್ಟೋ ಸಲ ಕೆಲಸ ಮುಗೀತೈತಿ.

ಅಂಗಡಿಯವರು: ಇಲ್ಲಿ ಸಾಲು ಬಂದಾವ. ಕಂಡ ಮ್ಯಾಲ ತೋರಸಬೇಕಲ್ಲ?

ತರುಣ: ಕಾಣೂದು ಒಂದರ ಕೆಲಸ, ತೋರಸೂದು ಇನ್ನೊಂದರ ಕೆಲಸ. ಕರ್ನಲ್ ಗುರುತು ಹಿಡದ ಮ್ಯಾಲ ‘ಯುಡೆವ್’ ಅನ್ನೂದು ಅದರ ಲೇಬಲ್ ಏನು, ಫೈಲ್ ಸಿಸ್ಟಮ್ ಯಾವುದು ಅಂತ ಬರದಿಡ್ತೈತಿ. ‘ಯುಡಿಸ್ಕ್ಸ್’ ಅನ್ನೂ ಸೇವೆ ತೆರಿಯಾಕ ತಯಾರಾಗಿ ಕುಂತಿರ್ತೈತಿ, ಆದ್ರ ತಾನಾಗಿ ತೆರಿಯೂದಿಲ್ಲ. ‘ತೆರಿ’ ಅನ್ನೂದು ಡೆಸ್ಕ್‌ಟಾಪಿನ ಕಡೀ ಪ್ರೋಗ್ರಾಮ್. ಹಂಗ ಹೇಳಾಕ ಅಧಿಕಾರ ಐತೋ ಇಲ್ಲೋ ಅಂತ ನೋಡೂದು ‘ಪೋಲ್ಕಿಟ್’. ಇಷ್ಟೆಲ್ಲಾ ಆದ ಮ್ಯಾಲ ಮೀಡಿಯಾ ಫೋಲ್ಡರಿನಾಗ ನಿಮ್ಮ ಹೆಸರಿನ ಕೆಳಗ ಕಾರ್ಡಿನ ಹೆಸರು ಹುಟ್ಟತೈತಿ. ಅದಕ್ಕ ಮೌಂಟ್ ಆಗೂದು ಅಂತೀವಿ.

ಅಂಗಡಿಯವರು: ಅಂದ್ರ ನವಿಲುತೀರ್ಥದ ಕಾಲುವಿ ಇದ್ದಂಗ. ಡ್ಯಾಮಿನಾಗ ನೀರು ಐತಿ, ಹೊಲಕ್ಕ ಬರವಲ್ದು. ಯಾವ ಗೇಟು ಮುಚ್ಚೈತಿ ಅಂತ ಕಾಲುವಿ ದಂಡಿ ಹಿಡದು ನಡೀಬೇಕು.

ತರುಣ: ಖರೇ ರಿ. ಆದ್ರ ಡ್ಯಾಮಿನಿಂದ ಹೊಂಡಬ್ಯಾಡ್ರಿ, ಹೊಲದಿಂದನೂ ಬ್ಯಾಡ. ನಟ್ಟ ನಡುವ ಹೋಗಿ ನಿಂದರ್ರಿ. ಆ ನಡುವಿನ ಜಾಗಾನ ‘ಯುಡಿಸ್ಕ್ಸ್‌ಸಿಟಿಎಲ್ ಮೌಂಟ್’ ಅನ್ನೂ ಆದೇಶ. ಅದಕ್ಕ ಎಸ್‌ಡಿಬಿ1ರ ಹೆಸರು ಕೊಟ್ಟು ನೋಡ್ರಿ. ತೆರೀತಂದ್ರ ಕಾರ್ಡು, ಕೇಬಲ್, ಕರ್ನಲ್, ಫೈಲ್ ಸಿಸ್ಟಮ್, ಅಧಿಕಾರ ಎಲ್ಲಾ ಸರಿ ಅದಾವ, ತಪ್ಪು ಡೆಸ್ಕ್‌ಟಾಪಿಂದು. ತೆರೀಲಿಲ್ಲಂದ್ರ ಕಾರಣ ಅಲ್ಲೇ ಒಂದು ಸಾಲಿನಾಗ ಬರ್ತೈತಿ, ಡೆಸ್ಕ್‌ಟಾಪಿನ ಸೆಟ್ಟಿಂಗ್ ತಿರುವಿ ಉಪಯೋಗಿಲ್ಲ. ಅರ್ಧ ಊರು ಹುಡುಕೂದು ಒಂದ ಸಾಲಿನಾಗ ತಪ್ಪತೈತಿ.

ಅಂಗಡಿಯವರು: ಈ ಕಾರ್ಡಿಗೆ ಏನಂತೈತಿ?

ತರುಣ: ‘ಎಕ್ಸ್‌ಫ್ಯಾಟ್ ನನಗ ಗೊತ್ತಿಲ್ಲ’ ಅಂತೈತಿ. ನಿಮ್ಮ ಈ ಯಂತ್ರ 32 ಬಿಟ್ಟಿಂದು, ಅದಕ್ಕ ಝುಬುಂಟು 18.04 ಹಾಕೀನಿ. ಅದರ ಕರ್ನಲ್ 4.15. ಸ್ಟುಡಿಯೋದವ್ರ ಕಾರ್ಡು 64 ಜಿಬಿ. 32 ಜಿಬಿ ದಾಟಿದ ಎಸ್‌ಡಿ ಕಾರ್ಡಿಗೆ ಎಕ್ಸ್‌ಫ್ಯಾಟ್ ಅನ್ನೂದು ಕಾರ್ಡು ಮಾಡಾವ್ರ ನಿಯಮ. ಯಾಕಂದ್ರ ಫ್ಯಾಟ್32ರಾಗ ಒಂದು ಫೈಲು 4 ಜಿಬಿ ದಾಟಾಕ ಬರೂದಿಲ್ಲ, ಮದುವಿ ವಿಡಿಯೋ ಹಿಡಸೂದಿಲ್ಲ. ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟಿಂದು. ಅದರ ವಿವರ ಅವ್ರು ಎಲ್ಲಾರಿಗೂ ಬಿಟ್ಟುಕೊಟ್ಟದ್ದು 2019ರ ಆಗಸ್ಟಿನಾಗ. ಅದ ವರ್ಷ 5.4 ಕರ್ನಲ್ಲಿಗೆ ಕಚ್ಚಾ ರೂಪದಾಗ ಬಂತು, 2020ರಾಗ 5.7ಕ್ಕ ಸ್ಯಾಮ್ಸಂಗ್ ಬರೆದ ಚೊಲೋ ಡ್ರೈವರ್ ಸೇರಿತು. ಅದಕ್ಕೂ ಹಳೇ ಕರ್ನಲ್ ಇದ್ರ ‘ಎಕ್ಸ್‌ಫ್ಯಾಟ್ ಫ್ಯೂಸ್’ ಅಂತ ಒಂದು ಪ್ಯಾಕೇಜ್ ಬ್ಯಾರೇ ಹಾಕಬೇಕು. ಹಾಕೀನಿ ನೋಡ್ರಿ, ತೆರೀತು.

ಅಂಗಡಿಯವರು: ತೆರೀತು, ಖರೇ. ಆದ್ರ ಹೊಸ ಯಂತ್ರದಾಗ ಇದ ಕಾರ್ಡು ‘ಯುಡಿಸ್ಕ್ಸ್‌ಸಿಟಿಎಲ್’ ಅಂದ್ರ ತೆರೀತೈತಿ, ಸುಮ್ಮ ಹಾಕಿದ್ರ ತೆರಿಯೂದಿಲ್ಲ. ಅದು?

ತರುಣ: ಅಲ್ಲಿ ತಪ್ಪು ಮ್ಯಾಲಿಂದು. ಅದರಾಗ ಇರೂದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಥುನಾರ್ ಫೈಲ್ ಮ್ಯಾನೇಜರಿಗೆ ‘ಥುನಾರ್ ವೋಲ್‌ಮ್ಯಾನ್’ ಅಂತ ಒಂದು ಜೋಡಿ ಪ್ರೋಗ್ರಾಮ್ ಬೇಕು. ಸೆಟ್ಟಿಂಗಿನಾಗ ‘ತೆಗೆಯಬಹುದಾದ ಡ್ರೈವ್ ಮತ್ತು ಮಾಧ್ಯಮ’ ಅನ್ನೂ ಕಿಟಕಿಯೊಳಗ ಗುರುತು ಹಾಕಿರಬೇಕು. ಥುನಾರ್ ಹಿಂದ ಓಡ್ತಿರಬೇಕು. ಮೂರರಾಗ ಒಂದು ತಪ್ಪಿದ್ರೂ ಯುಡಿಸ್ಕ್ಸ್ ತಯಾರ ಇರ್ತೈತಿ, ‘ತೆರಿ’ ಅನ್ನಾವ್ರ ಇರೂದಿಲ್ಲ. ಗ್ನೋಮ್, ಮಾಟೆ, ಸಿನಮನ್ ಒಳಗ ‘ಆಟೋಮೌಂಟ್’ ಒಂದು ಗುಂಡಿ, ‘ಆಟೋಮೌಂಟ್ ಓಪನ್’ ಇನ್ನೊಂದು. ಮೌಂಟ್ ಆಗಿರ್ತೈತಿ, ಕಿಟಕಿ ತೆರೆದಿರೂದಿಲ್ಲ. ಜನ ಅದನ್ನೂ ಕೆಟ್ಟೈತಿ ಅಂತಾರ.

ತರುಣ ಹೇಳಿದ ಈ ಸರಪಳಿಯ ಬಗ್ಗೆ ಓದುಗರಿಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಹುಡುಕುವವರನ್ನು ಹಳೆಯ ಸಲಹೆಗಳೇ ಹೆಚ್ಚು ದಾರಿ ತಪ್ಪಿಸುತ್ತವೆ. ಮೊದಲು ಲಿನಕ್ಸಿನಲ್ಲಿ ಹೆಚ್ಚಾಗಿ ಕೈಯಿಂದಲೇ ಮೌಂಟ್ ಮಾಡಬೇಕಿತ್ತು. 2003ರಲ್ಲಿ ಯುಡೆವ್ ಬಂತು. 2004ರ ಸುಮಾರಿಗೆ ಹ್ಯಾಲ್ ಎಂಬ ನಡುವಿನ ಪದರವೂ ಗ್ನೋಮ್ ವಾಲ್ಯೂಮ್ ಮ್ಯಾನೇಜರೂ ಸೇರಿ, ಚುಚ್ಚಿದ್ದು ತಾನಾಗಿ ತೆರೆಯುವ ಸೌಕರ್ಯವನ್ನು ಸಾಮಾನ್ಯ ಬಳಕೆದಾರರಿಗೆ ಕೊಟ್ಟವು. 2010ರ ಸುತ್ತ ಹ್ಯಾಲ್ ಮೂಲೆಗೆ ಸರಿದು ಅದರ ಜಾಗಕ್ಕೆ ಯುಡಿಸ್ಕ್ಸ್ ಬಂತು. ಹ್ಯಾಲ್ ಕಾಲದ ಕಡತಗಳನ್ನು ತಿದ್ದಲು ಹೇಳುವ ಸಲಹೆ ಇಂದಿನ ಯಂತ್ರಕ್ಕೆ ಏನೂ ಮಾಡದು. ಇನ್ನು ‘ಎಫ್‌ಸ್ಟ್ಯಾಬ್’ ಕಡತದಲ್ಲಿ ಪೆನ್‌ಡ್ರೈವಿಗೆ ಒಂದು ಸಾಲು ಬರೆಯಿರಿ ಎಂಬ ಸಲಹೆಯಂತೂ ಹಾನಿಯನ್ನೇ ಮಾಡುತ್ತದೆ, ಮುಂದೆ ತರುಣನೇ ಹೇಳುವಂತೆ.

ಅಂಗಡಿಯವರು: ನೀ ಬರೂಕಿಂತ ಮೊದಲು ಇನ್ನೊಬ್ಬಾವ ಬಂದು ರಿಪೇರಿ ಮಾಡಿ ಹೋಗಿದ್ದ. ಅವತ್ತಿಂದ ಪೆನ್‌ಡ್ರೈವ್ ಇಲ್ಲದ ಯಂತ್ರ ಚಾಲೂ ಮಾಡಿದ್ರ ಒಂದೂವರಿ ಮಿನಿಟು ಸುಮ್ಮ ನಿಂದರತೈತಿ, ಆಮ್ಯಾಲ ಕರೀ ಪರದೆ ತೋರಸಿ ಪಾಸ್‌ವರ್ಡ್ ಕೇಳತೈತಿ.

ತರುಣ: ಅವ್ರು ಎಫ್‌ಸ್ಟ್ಯಾಬಿನಾಗ ‘ಎಸ್‌ಡಿಬಿ1’ ಅಂತ ಸಾಲು ಬರದ ಹೋಗ್ಯಾರ. ಆ ಕಡತದಾಗ ಇದ್ದದ್ದೆಲ್ಲಾ ಯಂತ್ರಕ್ಕ ಕಾಯಂ ಬೇಕಾದದ್ದು ಅಂತ, ಯಂತ್ರ ಚಾಲೂ ಮಾಡೂ ಸಿಸ್ಟಮ್‌ಡಿ ತಿಳಕೋತೈತಿ. 90 ಸೆಕೆಂಡು ದಾರಿ ನೋಡಿ, ಬರಲಿಲ್ಲಂದ್ರ ತುರ್ತು ಸ್ಥಿತಿಗೆ ಇಳೀತೈತಿ. ಡ್ರೈವ್ ಹಾಕಿದ್ರೂ ಯುಡಿಸ್ಕ್ಸ್ ಆ ಸಾಲಿಗೆ ತಲಿ ಬಾಗಿಸಿ, ಸಾಮಾನ್ಯ ಬಳಕೆದಾರಗ ತೆರೆಯಾಕ ಬಿಡೂದಿಲ್ಲ. ಮ್ಯಾಲ, ಇವತ್ತ ಎಸ್‌ಡಿಬಿ ಆದದ್ದು ನಾಳಿ ಎಸ್‌ಡಿಸಿ ಆದೀತು. ಕಾಯಂ ಜೋಡಿಸಿದ ಡಿಸ್ಕಿಗೆ ಸಾಲು ಬೇಕಾದ್ರ ಯುಯುಐಡಿ ಅನ್ನೂ ಬದಲಾಗದ ಗುರುತು ಹಾಕಿ, ‘ನೋಫೇಲ್’ ಸೇರಸಿ ಬರೀಬೇಕು. ಗಿರಾಕಿ ಪೆನ್‌ಡ್ರೈವಿಗೆ ಸಾಲು ಬೇಡವೇ ಬೇಡ. ಅಳಿಸೀನಿ.

ಅಂಗಡಿಯವರು: ಇಷ್ಟೆಲ್ಲಾ ನೀ ಹೇಳಿದ್ದು ಚೊಲೋ ಐತಿ. ಆದ್ರ ನಾ ಸಂತಿ ದಿನ ಕೌಂಟರಿನಾಗ ಇರೂದಿಲ್ಲ, ಆ ಹುಡುಗಿ ಒಬ್ಬಾಕಿ ಇರ್ತಾಳ. ಮುಂದ ಹತ್ತು ಮಂದಿ ನಿಂತಿರ್ತಾರ. ಆಕಿ ಡಿಮೆಸೆಜ್ ಓದಬೇಕೇನು? ಯಂತ್ರ ನಡಸಾಕ ಯಂತ್ರದ ಹೊಟ್ಟಿ ತಿಳೀಬೇಕಂದ್ರ ಅದು ಮಂದೀ ಯಂತ್ರ ಅಲ್ಲ, ನಿನ್ನಂಥಾವ್ರ ಯಂತ್ರ.

ತರುಣ: ಕಾಸರಗೋಡಿನ ಕನ್ನಡ ಮಾಧ್ಯಮ ಸಾಲಿ ಮಕ್ಕಳನ್ನ ನೋಡ್ರಿ. ಕೇರಳ ಸರ್ಕಾರ ಐಟಿ ಅಟ್ ಸ್ಕೂಲ್ ಅಂತ ಸುರು ಮಾಡಿದ್ದು ಈಗ ಕೈಟ್ ಅನ್ನೂ ಸಂಸ್ಥೆ ಆಗೈತಿ. ಉಬುಂಟುವಿನ ಮ್ಯಾಲ ಕಟ್ಟಿದ ತಮ್ಮದ ಲಿನಕ್ಸ್ ಸಾಲಿಗೆ ಕೊಡ್ತಾರ. ಹೈಸ್ಕೂಲ್ ಮಕ್ಕಳು ಅದರಾಗ ಕಲೀತಾರ. ನಮ್ಮ ಕಡೆನೂ 2011ರ ಹೊತ್ತಿಗೆ ಹೈಸ್ಕೂಲ್ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ತರಬೇತಿ ಸುರುವಾದಾಗ ಉಬುಂಟು ಮ್ಯಾಲ ಕಲಿಸಿದ್ರು. ಬರೂದಿಲ್ಲ ಅನ್ನೂದು ಕಲಸಾಕ ಯಾರೂ ಇಲ್ಲದಾಗಿನ ಮಾತು ರಿ.

ಅಂಗಡಿಯವರು: ನೀ ನನ್ನ ಮಾತ ಹೇಳಿದಿ. ಅಲ್ಲಿ ಮಕ್ಕಳು ಕಲಿಯೂದು ಗಣಿತ, ಚಿತ್ರ, ಬರವಣಿಗಿ. ಪೆನ್‌ಡ್ರೈವ್ ತಾನ ತೆರೀತೈತಿ ಅಂತ ಅದು ನಡದೈತಿ. ದಿನಾ ಟರ್ಮಿನಲ್ ತೆರೀಬೇಕಾಗಿದ್ರ ಯಾವ ಮಾಸ್ತರೂ ಆ ಲ್ಯಾಬಿನ ಬಾಗಿಲ ತೆರೀತಿರಲಿಲ್ಲ. ತಾನಾಗಿ ತೆರೆಯೂದು ಸೋಮಾರಿತನ ಅಲ್ಲ ತಮ್ಮಾ. ತಿಳೀದಾವ್ರಿಗೂ ಬಾಗಿಲು ತೆರೆದಿಡೂದು ಅದು.

ತರುಣ: ಒಪ್ಪತೀನಿ. ಮನಿಯಾಗಿನ ಯಂತ್ರಕ್ಕ, ಸಾಲಿ ಲ್ಯಾಬಿಗೆ ತಾನಾಗಿ ತೆರೀಲಿ. ಆದ್ರ ನಿಮ್ಮದು ಊರಿನ ಕೌಂಟರು. ದಿನಾ ಬಂದ ಪೆನ್‌ಡ್ರೈವ್ ಯಾರದು, ಎಲ್ಲೆಲ್ಲಿ ಹೊಕ್ಕು ಬಂದೈತಿ ಅನ್ನೂದು ನಿಮಗ ಗೊತ್ತಿರೂದಿಲ್ಲ.

ಅಂಗಡಿಯವರು: ಲಿನಕ್ಸಿಗೆ ವೈರಸ್ ಹತ್ತೂದಿಲ್ಲ ಅಂತ ಹೇಳಿ ಹಾಕಿಕೊಟ್ಟಾವ ನೀನ.

ತರುಣ: ವಿಂಡೋಸಿನ ಶಾರ್ಟ್‌ಕಟ್ ವೈರಸ್ ಇಲ್ಲಿ ಓಡೂದಿಲ್ಲ ಅಂದಿದ್ದೆ, ಅದು ಈಗೂ ಖರೇ. ಆದ್ರ ಇಲ್ಲಿಂದ ಹೋಗೂ ಪೆನ್‌ಡ್ರೈವಿನಾಗ ಅದು ಹಂಗ ಕುಂತ ಹೋಗ್ತೈತಿ. 2008ರ ಕೊನೀಗೆ ಕಾನ್‌ಫಿಕರ್ ಅನ್ನೂದು ಪೆನ್‌ಡ್ರೈವಿನ ಆಟೋರನ್ ಹಿಡದೂ ಹಬ್ಬಿತು. 2011ರ ಫೆಬ್ರವರಿಯಾಗ ಮೈಕ್ರೋಸಾಫ್ಟ್ ಹಳೇ ವಿಂಡೋಸಿಗೂ ಅಪ್‌ಡೇಟ್ ಕಳಿಸಿ ಪೆನ್‌ಡ್ರೈವಿನ ಆಟೋರನ್ ಬಂದ್ ಮಾಡಿತು. ಅದ ಹೊತ್ತಿಗೆ ಒಬ್ಬ ಸಂಶೋಧಕ ಲಿನಕ್ಸ್ ಡೆಸ್ಕ್‌ಟಾಪಿನ ಮ್ಯಾಲನೂ ಇಂಥದ್ದು ಆಗಬಹುದು ಅಂತ ತೋರಿಸಿದ. ಪೆನ್‌ಡ್ರೈವ್ ತಾನಾಗಿ ಮೌಂಟ್ ಆಗ್ತೈತಿ, ಫೈಲ್ ಮ್ಯಾನೇಜರ್ ತಾನಾಗಿ ತೆರೀತೈತಿ, ಒಳಗಿನ ಫೈಲಿನ ಸಣ್ಣ ಚಿತ್ರ ಮಾಡಾಕ ಹೋಗ್ತೈತಿ. ಆ ಚಿತ್ರ ಮಾಡೂ ಪ್ರೋಗ್ರಾಮಿನಾಗ ಬಿರುಕು ಇದ್ರ ಯಾರೂ ಏನೂ ಒತ್ತದ ಯಂತ್ರ ಕೈ ತಪ್ಪತೈತಿ. ಅದಕ್ಕ ಗ್ನೋಮ್ ಈಗ ಪರದೆ ಲಾಕ್ ಇದ್ದಾಗ ಮೌಂಟ್ ಮಾಡೂದಿಲ್ಲ, ಲಾಕ್ ತೆಗೆಯೂ ತನಕ ಕಾಯತೈತಿ. ಹಾಕಿದ ಡ್ರೈವ್ ಬರಲಿಲ್ಲ ಅಂತ ಕೆಲವ್ರು ಫೋನ್ ಹಚ್ಚೂದು ಇದಕ್ಕನೂ ಇರ್ತೈತಿ.

ಅಂಗಡಿಯವರು: ಆ ಬಿರುಕು ಮುಚ್ಯಾರಲ್ಲ?

ತರುಣ: ಅದನ್ನ ಮುಚ್ಯಾರ. ಯುಡಿಸ್ಕ್ಸ್ ತೆರೆದದ್ದರಾಗ ಸುಯಿಡ್ ಫೈಲಿನ ಅಧಿಕಾರ, ಡಿವೈಸ್ ಫೈಲು ಎರಡೂ ನಡೆಯೂದಿಲ್ಲ, ಅದೂ ಒಂದು ರಕ್ಷಣೆ. ಮೌಂಟ್ ಆದ ಮಾತ್ರಕ್ಕ ಒಳಗಿನದು ಓಡೂದಿಲ್ಲ. ಆದ್ರ ಅಪರಿಚಿತ ಫೈಲ್ ಸಿಸ್ಟಮ್ ಓದೂದು ಕರ್ನಲ್ಲಿನ ಕೆಲಸ. ಅಪರಿಚಿತ ವಸ್ತು ಕರ್ನಲ್ಲಿಗೆ ಕೊಡೂ ಮುಂದ ಒಬ್ಬ ಮನಿಷ್ಯಾ ಹೂಂ ಅನ್ನಲಿ ಅನ್ನೂದಷ್ಟ ನನ್ನ ಹಟ. ಪೆನ್‌ಡ್ರೈವ್ ಹಾಕಿದ್ರ ಪಕ್ಕದ ಪಟ್ಟಿಯೊಳಗ ಹೆಸರು ಬರಲಿ, ಒಮ್ಮೆ ಒತ್ತಿದ್ರ ತೆರೀಲಿ. ಒಂದ ಒತ್ತು ಹೆಚ್ಚು.

ಅಂಗಡಿಯವರು: ಒಂದು ಒತ್ತು ಅಂತ ನೀ ಸಣ್ಣದು ಮಾಡ್ತಿ. ಆಕಿ ಎಲ್ಲಾದಕ್ಕೂ ಒತ್ತೇ ಒತ್ತತಾಳ. ಗಿರಾಕಿ ಕೊಟ್ಟ ಡ್ರೈವ್ ಹಾಕಿ, ಪಟ್ಟಿಯೊಳಗ ಹೆಸರು ನೋಡಿ, ಇದು ಬ್ಯಾಡ ಅಂತ ವಾಪಸ್ ಕೊಟ್ಟಾಳ? ಯಾವ ಅಂಗಡಿಯಾಗೂ ಆಗೂದಿಲ್ಲ. ಎಲ್ಲಾರೂ ಯಾವಾಗ್ಲೂ ಹೂಂ ಅನ್ನೂ ಪ್ರಶ್ನೆ ಕೇಳೂದರಿಂದ ಏನು ರಕ್ಷಣೆ?

ಹಿರಿಯರ ಈ ಮಾತು ನನಗೆ ಭಾರವಾಗಿ ಕಂಡಿತು. ಕಂಪ್ಯೂಟರ್ ಭದ್ರತೆಯ ಬಹುಪಾಲು ಉಪದೇಶ ಬಳಕೆದಾರನ ಒಂದು ಒತ್ತಿನ ಮೇಲೆ ನಿಂತಿದೆ. ಆ ಒತ್ತು ಅಭ್ಯಾಸವಾದ ಮೇಲೆ ಅದರಲ್ಲಿ ಯೋಚನೆ ಉಳಿಯುವುದಿಲ್ಲ. ತರುಣನೂ ಇದಕ್ಕೆ ನೇರ ಉತ್ತರ ಕೊಡದೆ ಬೇರೆ ದಿಕ್ಕಿನಿಂದ ಬಂದ. ಅವನು ತೆಗೆದದ್ದು ಮಲಪ್ರಭೆಯ ಪ್ರವಾಹದ ಮಾತು.

ತರುಣ: ವೈರಸ್ ಬಿಡ್ರಿ. 2019ರ ಆಗಸ್ಟಿನಾಗ ಮಲಪ್ರಭಾ ಹೊಳಿ ಏರಿ ರಾಮದುರ್ಗ ಕಡೆ ದಂಡಿ ಊರೊಳಗ ನೀರು ಹೊಕ್ಕಾಗ, ಮನಿ ಬಿದ್ದಾವ್ರು ಪರಿಹಾರದ ಅರ್ಜಿಗೆ ಫೋಟೋ ಹಿಡಕೊಂಡು ಅಂಗಡಿ ಅಂಗಡಿ ತಿರುಗಿದ್ರು. ನೀರಾಗ ತೋಯ್ದ ಕಾರ್ಡು, ಅಳಿಸಿ ಹೋದ ಫೋಟೋ. ಅಂಥ ಕಾರ್ಡು ನಿಮ್ಮ ಯಂತ್ರಕ್ಕ ಹಾಕಿದ ಕ್ಷಣ ಏನಾಗ್ತೈತಿ ಗೊತ್ತೇನ್ರಿ? ತಾನಾಗಿ ಮೌಂಟ್ ಆಗ್ತೈತಿ, ಅದೂ ಬರೆಯೂ ಅಧಿಕಾರದ ಜೋಡಿ. ಬರೆಯಾಕ ತೆರದ ಫ್ಯಾಟ್ ಕಾರ್ಡಿನ ಮ್ಯಾಲ ಕರ್ನಲ್ ‘ಬಳಕೆಯಲ್ಲಿದೆ’ ಅನ್ನೂ ಗುರುತು ಬರೀತೈತಿ. ಫೈಲ್ ಮ್ಯಾನೇಜರಿನಾಗ ಏನರ ಒಂದು ಅಳಿಸಿದ್ರ ಕಾರ್ಡಿನ ಮ್ಯಾಲ ಕಸದ ಫೋಲ್ಡರ್ ಹುಟ್ಟತೈತಿ. ಅಳಿಸಿದ ಫೋಟೋ ಅಂದ್ರ ಹೆಸರು ಹೋಗಿರ್ತೈತಿ, ಒಡಲು ಅಲ್ಲೇ ಇರ್ತೈತಿ. ಅದರ ಮ್ಯಾಲ ಹೊಸದು ಬರದ್ರ ಮಾತ್ರ ಖಾಯಂ ಹೋಗ್ತೈತಿ. ಮೊದಲು ಇಡೀ ಕಾರ್ಡಿನ ಪ್ರತಿ ತಗೊಂಡು, ಆ ಪ್ರತಿಯೊಳಗ ಫೋಟೋರೆಕ್ ಅನ್ನೂ ಪ್ರೋಗ್ರಾಮ್ ಓಡಿಸಿದ್ರ ಎಷ್ಟೋ ಸಿಗತಾವ. ಕೇಳದ ತೆರೆಯೂ ಯಂತ್ರ ಆ ಅವಕಾಶ ತಿನ್ನತೈತಿ.

ಅಂಗಡಿಯವರು: ಆ ದಿನ ನನಗ ಮರೆತಿಲ್ಲ. ತೋಯ್ದದ್ದನ್ನ ಮೊದಲು ಪೂರಾ ಒಣಗಸ್ರಿ, ಹಸೀದ ಹಾಕಬ್ಯಾಡ್ರಿ ಅಂತ ಹೇಳಿ ಹೇಳಿ ಬಾಯಿ ನೋಯ್ತು. ಆದ್ರ ನೀ ಒಂದು ತಿಳಕೋ. ‘ಇದರಾಗಿನ ಫೋಟೋ ಅಳಿಸಿ ಹೋಗ್ಯಾವ’ ಅಂತ ಗಿರಾಕಿ ಯಾವಾಗ ಹೇಳ್ತಾನ? ಕಾರ್ಡು ಯಂತ್ರಕ್ಕ ಹೋದ ಮ್ಯಾಲ. ಅಷ್ಟ್ರಾಗ ನಿನ್ನ ಒಂದು ಒತ್ತೂ ಆಗಿರ್ತೈತಿ.

ತರುಣ: ಅದಕ್ಕ ಯಂತ್ರ ತಾನಾಗಿ ತೆರೀಬಾರದು.

ಅಂಗಡಿಯವರು: ಅದಕ್ಕ ನಾ ಕಾರ್ಡಿನ ಬಾಜೂ ಇರೂ ಲಾಕ್ ಜಾರಿಸ್ತೀನಿ. ಸಣ್ಣ ಕಾರ್ಡು ಇದ್ರ ಅಡಾಪ್ಟರಿಗೂ ಆ ಲಾಕ್ ಇರ್ತೈತಿ. ಜಾರಿಸಿ ಹಾಕಿದ್ರ ನಿನ್ನ ಕರ್ನಲ್ ಓದತೈತಿ, ಬರಿಯೂದಿಲ್ಲ. ನೋಡು, ನಿನ್ನ ಡಿಮೆಸೆಜ್ ಏನಂತೈತಿ?

ತರುಣ: ‘ಬರಹ ತಡೆ ಚಾಲೂ’ ಅಂತೈತಿ. ಇದು ನನಗಿಂತ ಚೊಲೋ ಉಪಾಯ ರಿ, ಕಾರ್ಡಿನ ಮಟ್ಟಿಗೆ. ಆದ್ರ ಪೆನ್‌ಡ್ರೈವಿಗೆ ಅಂಥ ಲಾಕ್ ಸಾಮಾನ್ಯವಾಗಿ ಇರೂದಿಲ್ಲ.

ಅಂಗಡಿಯವರು: ಅಂಥ ಲಾಕ್ ಯಂತ್ರದಾಗ ಮಾಡಾಕ ಬರೂದಿಲ್ಲೇನು? ಈ ಒಂದು ತೂತಿಗೆ ಹಾಕಿದ್ದೆಲ್ಲಾ ಓದಾಕಷ್ಟ ಅಂತ?

ತರುಣ: ಬರ್ತೈತಿ. ಯುಡೆವಿಗೆ ಒಂದು ನಿಯಮ ಬರೀತೀನಿ. ಈ ಪೋರ್ಟಿನ ದಾರಿಯಿಂದ ಬಂದ ಡಿಸ್ಕು ಅಂದ ಕೂಡ್ಲೆ ‘ಬ್ಲಾಕ್‌ಡೆವ್’ ಅದನ್ನ ಓದಾಕಷ್ಟ ಅಂತ ಇಡ್ತೈತಿ. ಆಮ್ಯಾಲ ತಾನಾಗಿ ಮೌಂಟ್ ಆದ್ರೂ ಬರೆಯಾಕ ಬರೂದಿಲ್ಲ. ಹಿಂದಿನ ಕೆಂಪು ಪೋರ್ಟಿಗೆ ಮಾಡಿ ಕೊಡ್ತೀನಿ, ಮ್ಯಾಲ ಚೀಟಿ ಹಚ್ಚರಿ.

ಅಂಗಡಿಯವರು: ಹಂಗಾದ್ರ ಜಗಳ ಅರ್ಧ ಹರೀತು. ಪ್ರಿಂಟಿಗೆ ಬಂದದ್ದೆಲ್ಲಾ ಆ ತೂತಿಗೇ, ತಾನಾಗಿ ತೆರೀಲಿ. ಇನ್ನ ವಾಪಸ್ ತಗಿಯೂ ಮಾತು. ಕಾಪಿ ಪಟ್ಟಿ ನೂರಕ್ಕ ಬಂದು ಮುಗೀತು ಅಂತೈತಿ, ತಗಿಯಾಕ ಹೋದ್ರ ‘ಇನ್ನೂ ಬರಿಯಾಕ ಹತ್ತೀನಿ’ ಅಂತೈತಿ. ಯಾವುದು ಖರೇ?

ತರುಣ: ಎರಡನೇದ್ದು. ಪಟ್ಟಿ ತೋರಸೂದು ರ್‍ಯಾಮಿಗೆ ಹೋದದ್ದು. ಪೆನ್‌ಡ್ರೈವ್ ನಿಧಾನ, ರ್‍ಯಾಮ್ ಜೋರ, ಕರ್ನಲ್ ತನ್ನ ಹತ್ರ ಇಟ್ಟಕೊಂಡು ಆಮ್ಯಾಲ ಬರೀತೈತಿ. ಫ್ಯಾಟ್32 ಇದ್ರ ಯುಡಿಸ್ಕ್ಸ್ ‘ಫ್ಲಶ್’ ಅಂತ ಹಾಕಿ ಲಗೂ ಬರಸ್ತೈತಿ, ಎಕ್ಸ್‌ಫ್ಯಾಟಿಗೆ ಆ ಸೌಲತ್ತು ಇಲ್ಲ. ‘ಹೊರಗೆ ತೆಗೆ’ ಒತ್ತಿ, ಈಗ ತೆಗೀಬಹುದು ಅನ್ನೂ ತನಕ ನಿಂದರಬೇಕು. ಸುಮ್ಮ ಕಿತ್ತದ್ದು, ಇಲ್ಲಾ ನಡುವ ಕರೆಂಟ್ ಹೋದದ್ದು ಮುಂದಿನ ಸಲ ‘ಸರಿಯಾಗಿ ತೆಗೆದಿಲ್ಲ, ಪರೀಕ್ಷೆ ಮಾಡಿ’ ಅನ್ನೂ ಸಾಲು ತರ್ತೈತಿ. ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಇದ್ರ ಇನ್ನೂ ಬಿಗಿ. 2021ರ 5.15 ಕರ್ನಲ್ಲಿಗೆ ಬಂದ ಹೊಸ ಡ್ರೈವರ್ ಅಂಥ ಡಿಸ್ಕನ್ನ ಒತ್ತಾಯ ಮಾಡದ ಬರೆಯಾಕ ತೆರೆಯೂದ ಇಲ್ಲ. ಕಿತ್ತೂರಿನಾಗ ಒಬ್ಬ ಮಾಸ್ತರ ಡಿಸ್ಕು ಹಿಂಗ ಆಗಿತ್ತು. ವಿಂಡೋಸಿಗೆ ವಾಪಸ್ ಒಯ್ದು ಚೆಕ್‌ಡಿಸ್ಕ್ ಮಾಡಿ, ಅಲ್ಲಿಂದ ಸರಿಯಾಗಿ ತಗದ ಮ್ಯಾಲ ತೆರೀತು. ಇಲ್ಲಿಂದ ಒತ್ತಾಯ ಮಾಡೂದು ಕಡೀ ಉಪಾಯ.

ಅಂಗಡಿಯವರು: ಕನ್ನಡ ಹೆಸರಿನ ಫೈಲು ಬರೇ ಪ್ರಶ್ನಾರ್ಥಕ ಚಿಹ್ನೆ ಆಗಿ ಕಾಣೂದು ಒಮ್ಮೆ ನೋಡಿದ್ದೆ. ಅದೂ ಇದರದ ಏನು?

ತರುಣ: ಯಾರೋ ಕೈಲೆ ಮೌಂಟ್ ಮಾಡಿರ್ತಾರ, ಯುಟಿಎಫ್8 ಅಂತ ಹೇಳಿರೂದಿಲ್ಲ. ಹಳೇ ಯಂತ್ರದಾಗ ಹಂಗ ಆಗತಿತ್ತು. ಯುಡಿಸ್ಕ್ಸ್ ಅದನ್ನ ತಾನ ಹೇಳತೈತಿ. ಇದೊಂದು ವಿಷಯದಾಗ ನಿಮ್ಮ ಕಡೆ ನಾ. ತಾನಾಗಿ ತೆರೆದದ್ದು ಕನ್ನಡಕ್ಕ ಹೆಚ್ಚು ಚೊಲೋ. ಇನ್ನ ಹೆಸರು ಸರಿ ಬಂದು ಒಳಗಿನ ನುಡಿ ಅಕ್ಷರ ಕಲಸಿ ಕಂಡ್ರ ಅದು ಫಾಂಟಿನ ಮಾತು, ಮೌಂಟಿಗೆ ಸಂಬಂಧಿಲ್ಲ.

ಅಂಗಡಿಯವರು: ಕಡೀ ಮಾತು. ಮೊನ್ನೆ ನೀ ರಾಮದುರ್ಗದಾಗ ಕುಂತು ನಮ್ಮ ಯಂತ್ರದ ಒಳಗ ಬಂದು ಡ್ರೈವ್ ತೆರೆಯಾಕ ಹೋದಾಗ ಅದು ಪಾಸ್‌ವರ್ಡ್ ಕೇಳಿತು. ಆ ಹುಡುಗಿ ಕುಂತು ಒತ್ತಿದ್ರ ಕೇಳಲಿಲ್ಲ. ನೀ ಹಾಕಿಕೊಟ್ಟ ಯಂತ್ರಕ್ಕ ನಿನಗಿಂತ ಆಕಿ ದೊಡ್ಡಾಕಿ ಆದ್ಲೇನು?

ತರುಣ: ಆದ್ಲು ರಿ, ಅದ ಸರಿ. ಪೋಲ್ಕಿಟ್ ನೋಡೂದು ಯಂತ್ರದ ಮುಂದ ಖುದ್ದ ಕುಂತಾವ್ರು ಯಾರು ಅಂತ. ಕುರ್ಚಿ ಮ್ಯಾಲ ಇದ್ದ ಚಾಲ್ತಿ ಬಳಕೆದಾರಗ ಕೇಳದ ತೆರೆಯಾಕ ಬಿಡ್ತೈತಿ. ದೂರದಿಂದ ಎಸ್‌ಎಸ್‌ಎಚ್ ಮ್ಯಾಲ ಬಂದಾವ್ರಿಗೆ, ಹಿಂದ ಸರಿದ ಸೆಷನ್ನಿಗೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಒಳಗಿನ ಹಾರ್ಡ್ ಡಿಸ್ಕಿನ ಭಾಗ ತೆರೆಯಾಕ ಕುಂತಾವ್ರಿಗೂ ಬೇಕು.

ಅಂಗಡಿಯವರು: ಅಲ್ಲೇ ನನ್ನ ತ್ರಾಸು. ಒಳಗಿನ ಡಿಸ್ಕಿನಾಗ ಹಳೇ ಮದುವಿ ಫೋಟೋ ಎಲ್ಲಾ ಅದಾವ. ಸಂತಿ ದಿನ ಗಿರಾಕಿ ಕೇಳಿದಾಗ ಪಾಸ್‌ವರ್ಡ್ ಕೇಳತೈತಿ, ಆಕಿ ನನಗ ಫೋನ್ ಹಚ್ಚತಾಳ, ನಾ ನಿನಗ ಹಚ್ಚತೀನಿ. ಆಕೀಗೆ ಕೇಳದಂಗ ಒಂದು ನಿಯಮ ಬರದು ಕೊಡು.

ತರುಣ: ಪೋಲ್ಕಿಟ್ ನಿಯಮ ನಾಕು ಸಾಲು, ಬರೀಬಹುದು. ಬರಿಯಾಕ ಮನಸಿಲ್ಲ. ಒಮ್ಮೆ ಬರದ್ರ ಆ ಕುರ್ಚಿ ಮ್ಯಾಲ ಕುಂತ ಯಾರಾದ್ರೂ ಆ ಡಿಸ್ಕಿನ ಎಲ್ಲಾ ಮನಿ ಫೋಟೋ ತೆರೀತಾರ. ನಿಯಮ ಮನಿಷ್ಯಾನ್ನ ನೋಡೂದಿಲ್ಲ, ಲಾಗಿನ್ ನೋಡ್ತೈತಿ. ಬೇಕಾದ್ರ ಆ ಒಂದು ಡಿಸ್ಕು ಯಂತ್ರ ಚಾಲೂ ಆದಾಗ ಓದಾಕಷ್ಟ ಮೌಂಟ್ ಆಗೂ ಹಂಗ ಎಫ್‌ಸ್ಟ್ಯಾಬಿನಾಗ ಯುಯುಐಡಿ ಹಾಕಿ ಬರದು ಕೊಡ್ತೀನಿ.

ಅಂಗಡಿಯವರು: ಓದಾಕಷ್ಟ ಆದ್ರ ಹೊಸ ಫೋಟೋ ಎಲ್ಲಿ ಇಡೂದು? ಮತ್ತ ಓದಾಕಷ್ಟ ಆದ್ರೂ ನೋಡಾವ್ರು ನೋಡೇ ನೋಡ್ತಾರಲ್ಲ. ನಿನ್ನ ಭಯಾ ಬರಿಯೂದರದಲ್ಲ, ನೋಡೂದರದು. ಅದು ಯಂತ್ರದ ಮಾತಲ್ಲ, ಆ ಹುಡುಗಿ ಮ್ಯಾಲ ನಂಬಿಗಿ ಐತೋ ಇಲ್ಲೋ ಅನ್ನೂ ಮಾತು. ನನಗೈತಿ.

ತರುಣ: ನನಗೂ ಆಕಿ ಮ್ಯಾಲ ಐತಿ ರಿ. ಆಕಿ ಚಾ ಕುಡಿಯಾಕ ಎದ್ದು ಹೋದ ಹೊತ್ತಿನ ಮ್ಯಾಲ ಇಲ್ಲ.

ಅಂಗಡಿಯವರು: ಹಂಗಾದ್ರ ಆಕೀಗೆ ಬ್ಯಾರೇ ಲಾಗಿನ್ ಮಾಡು, ಎದ್ದರ ಪರದೆ ಲಾಕ್ ಮಾಡಾಕ ಕಲಸು, ಆ ಲಾಗಿನ್ನಿಗಷ್ಟ ನಿನ್ನ ನಾಕು ಸಾಲು ಬರಿ. ಪಾಸ್‌ವರ್ಡ್ ನಿನ್ನ ಕಡೆ ರಾಮದುರ್ಗದಾಗ ಇದ್ರ ಈ ಅಂಗಡಿ ನಂದಲ್ಲ.

ತರುಣ: ಲಾಗಿನ್ ಮಾಡ್ತೀನಿ, ಲಾಕ್ ಕಲಸ್ತೀನಿ. ಆ ನಾಕು ಸಾಲು ನಾ ಹೇಳ್ತೀನಿ, ಬರಿಯೂದು ನೀವ ಕುಂತು ಬರೀರಿ. ಮುಂದ ಒಂದು ದಿನ ಬ್ಯಾಡ ಅನಿಸಿದ್ರ ತಗಿಯಾಕ ನನಗ ಫೋನ್ ಹಚ್ಚೂದು ಬೀಳಬಾರದು.